ಉದ್ಯೋಗದ ಅರ್ಜಿಯಲ್ಲಿ ಪದಪ್ರಯೋಗ

ಬಹುಕಾಲ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನ ಬಳಿಗೆ ಹಳೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಕಾರಣಗಳಿಗೆ ಬರುತ್ತಾರೆ. ಮದುವೆಯ ಕರೆಯೋಲೆಯ ಒಕ್ಕಣೆಯನ್ನು ತಿದ್ದಿಸಿಕೊಳ್ಳುವುದಕ್ಕೆ, ಇಲ್ಲವೆ ಕೆಲಸದ ಅರ್ಜಿಯನ್ನು ತಿದ್ದಿಸಿಕೊಳ್ಳುವುದಕ್ಕೆ. ಮೊದಲನೆಯದರಲ್ಲಿ ನಾನು ಇದುವರೆಗೆ ಯಾರಿಗೂ ಕೇಡು ಮಾಡಿಲ್ಲವೆಂದು ನಂಬಿದ್ದೇನೆ. ಎರಡನೆಯದರಲ್ಲಿ ಮಾಡಿದ್ದೇನೆ. ಆ ಸಂಗತಿಯನ್ನು ಮುಚ್ಚಿಟ್ಟುಕೊಂಡು ಈ ವಿಷಯದ ಮೇಲೆ ನಿಮಗೆ ಬುದ್ಧಿ ಹೇಳಹೊರಡುವುದು ಸರಿಯಲ್ಲ. ಆದುದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಮಲೆನಾಡಿನ ಕಡೆಯ ಒಬ್ಬ ಹುಡುಗ. ಬಿ.ಕಾಂ. ಮುಗಿಸಿ ನಾಲ್ಕು ವರ್ಷ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವನು. ಊರಿನಲ್ಲಿ ಬಯೋಡೇಟಾ ಎಂದೂ ಬೆಂಗಳೂರಿನಲ್ಲಿ ರೆಸ್ಯೂಮೆ ಎಂದೂ ಕರೆಯುವ ಆ ಎರಡು ಹಾಳೆಗಳನ್ನು ಹಿಡಿದುಕೊಂಡು ಒಂದು ಸಂಜೆ ಮನೆಗೆ ಬಂದ. "ಸಾರ್, ಹತ್ತು ಕಡೆ ಹಾಕಿದೆ. ಒಂದು ಕಡೆಯಿಂದಲೂ ಉತ್ತರವಿಲ್ಲ. ಭಾಷೆ ಸರಿಯಿಲ್ಲವೋ ಏನೋ, ಸ್ವಲ್ಪ ನೋಡಿ" ಎಂದ. ಪತ್ರವಿದ್ದುದು ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ತಿದ್ದುವ ಚಟಕ್ಕೆ ಭಾಷಾಭೇದವಿಲ್ಲ. ಕೆಂಪು ಶಾಯಿ ಹಿಡಿದು ಕುಳಿತೆ.

ನಾನು ಕಂಡ ಮೊದಲ ದೋಷ ಪುನರುಕ್ತಿ. ಜಿಎಸ್‌ಟಿ ಎಂಬುದು ನಾಲ್ಕು ಸಲ ಬಂದಿತ್ತು, ಟ್ಯಾಲಿ ಎಂಬುದು ಮೂರು ಸಲ. ಅಮರಕೋಶವನ್ನು ಬಾಯಿಪಾಠ ಮಾಡಿ ಪಂಡಿತ ಪರೀಕ್ಷೆಗೆ ಕುಳಿತವನಿಗೆ ಇದನ್ನು ನೋಡಿ ಸುಮ್ಮನಿರಲಾಗುತ್ತದೆಯೆ? ನೀರಿಗೆ ಜಲವೆಂದೂ ಸಲಿಲವೆಂದೂ ಉದಕವೆಂದೂ ಬರೆದರೆ ತಾನೆ ನಮ್ಮಲ್ಲಿ ಬೆನ್ನು ತಟ್ಟುತ್ತಿದ್ದುದು! ಒಂದು ಕಡೆ ಜಿಎಸ್‌ಟಿಯನ್ನು ಉಳಿಸಿ, ಉಳಿದ ಕಡೆಗಳಲ್ಲಿ ಪರೋಕ್ಷ ತೆರಿಗೆಯ ತಃಖ್ತೆಗಳು ಎಂಬ ಅರ್ಥದ ಮಾತನ್ನು ಸೇರಿಸಿದೆ. ಟ್ಯಾಲಿ ಎಂಬ ಹೆಸರು ಅಂಗಡಿಯ ಮಾತಿನಂತೆ ಕಂಡಿದ್ದರಿಂದ ಅದನ್ನು ತೆಗೆದು, ಗಣಕದ ಮೂಲಕ ಲೆಕ್ಕಪತ್ರ ನಿರ್ವಹಣೆ ಎಂದು ಗೌರವವಾಗಿ ಬರೆದೆ. ಪತ್ರ ಬಹಳ ಚೆನ್ನಾಗಿ ಕಾಣಿಸಿತು. ಹುಡುಗ ಕೈಮುಗಿದು ಹೋದ. ಮೂರು ತಿಂಗಳು ಅವನಿಗೆ ಎಲ್ಲಿಂದಲೂ ಒಂದು ಫೋನು ಬರಲಿಲ್ಲ.

ನಾನು ಮಾಡಿದ ತಪ್ಪು ಏನೆಂಬುದು ಬೆಂಗಳೂರಿನಲ್ಲಿ ಕೆಲಸಕ್ಕೆ ಜನರನ್ನು ಆರಿಸುವ ಕಸುಬಿನಲ್ಲಿರುವ ಇನ್ನೊಬ್ಬ ಶಿಷ್ಯೆ ಹೇಳಿದ ಮೇಲೆ ತಿಳಿಯಿತು. "ಸಾರ್, ನಿಮ್ಮ ಅಮರಕೋಶ ನಮ್ಮ ಯಂತ್ರಕ್ಕೆ ಗೊತ್ತಿಲ್ಲ" ಎಂದಳು ಆಕೆ. ಅವಳು ವಿವರಿಸಿದ ಮೇಲೆ ನನಗೆ ಅರ್ಥವಾದದ್ದನ್ನು ನಿಮಗೂ ಹೇಳುತ್ತೇನೆ.

ಒಂದು ದೊಡ್ಡ ಕಚೇರಿ ಲೆಕ್ಕಿಗನ ಕೆಲಸಕ್ಕೆ ಜಾಹೀರಾತು ಕೊಟ್ಟರೆ ನೂರಾರು ಅರ್ಜಿಗಳು ಬಂದು ಬೀಳುತ್ತವೆ. ಅವು ಬಂದು ಬೀಳುವುದು ಮೇಜಿನ ಮೇಲಲ್ಲ, ಗಣಕದ ಉಗ್ರಾಣದಲ್ಲಿ. ಅಲ್ಲಿ ಒಂದು ತಂತ್ರಾಂಶವು ನಿಮ್ಮ ಹಾಳೆಯ ಅಂದಚಂದವನ್ನೆಲ್ಲ ಕಳಚಿ ಬರಿಯ ಅಕ್ಷರಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹೆಸರು ಇದು, ಓದು ಇದು, ಹಿಂದಿನ ಕೆಲಸ ಇದು ಎಂದು ಬೇರೆಬೇರೆ ಗೂಡುಗಳಲ್ಲಿ ಇಡುತ್ತದೆ. ಆರಿಸುವವರು ಆಮೇಲೆ ತಮಗೆ ಬೇಕಾದ ಒಂದೆರಡು ಪದಗಳನ್ನು ಕೊಟ್ಟು ಹುಡುಕುತ್ತಾರೆ. ಜಿಎಸ್‌ಟಿ ಇರಬೇಕು, ಟ್ಯಾಲಿ ಇರಬೇಕು, ಶಿವಮೊಗ್ಗವೋ ದಾವಣಗೆರೆಯೋ ಆಗಿರಬೇಕು, ಹೀಗೆ. ಆ ಪದಗಳಿರುವ ಅರ್ಜಿಗಳು ಸಾಲಿನ ಮುಂದಕ್ಕೆ ಬರುತ್ತವೆ, ಇಲ್ಲದವು ಹಿಂದೆ ಉಳಿಯುತ್ತವೆ. ಯಂತ್ರವೇ ಅರ್ಜಿಗಳನ್ನೆಲ್ಲ ಹರಿದು ಬುಟ್ಟಿಗೆ ಹಾಕುತ್ತದೆ ಎಂದು ನಮ್ಮ ಹುಡುಗರು ಹೆದರುವುದುಂಟು. ಅದು ಬಹುಮಟ್ಟಿಗೆ ಅತಿಶಯದ ಮಾತು. ಯಂತ್ರ ಹೆಚ್ಚಾಗಿ ಮಾಡುವುದು ಹುಡುಕಿ ಜೋಡಿಸುವ ಕೆಲಸವನ್ನು. ಆದರೆ ಸಾಲಿನ ಕೊನೆಯವರೆಗೆ ಓದುವಷ್ಟು ವೇಳೆ ಮನುಷ್ಯನಿಗೆ ಇರುವುದಿಲ್ಲವಾದ್ದರಿಂದ, ಹಿಂದೆ ಉಳಿದವನಿಗೆ ಫಲ ಎರಡೂ ಒಂದೇ.

ಹೀಗೆ ಹುಡುಕಲು ಬಳಸುವ ಪದಕ್ಕೆ ಕೀವರ್ಡ್ ಎನ್ನುತ್ತಾರೆ. ಕೀಲಿಪದ ಎಂಬ ಅನುವಾದವೂ ಬಳಕೆಗೆ ಬಂದಿದೆ. ನಮ್ಮ ಉತ್ತರ ಕರ್ನಾಟಕದ ಬಂಧುಗಳು ಬೀಗಕ್ಕೇ ಕೀಲಿ ಎನ್ನುತ್ತಾರೆ, ಅದನ್ನು ತೆರೆಯುವುದು ಕೀಲಿಕೈ. ಆ ಲೆಕ್ಕದಲ್ಲಿ ಕೀಲಿಪದವೆಂದರೆ ಬಾಗಿಲನ್ನು ತೆರೆಯುವ ಪದವೂ ಆಗಬಹುದು, ಮುಚ್ಚುವ ಪದವೂ ಆಗಬಹುದು. ಅನುವಾದಕರು ಇದನ್ನು ಯೋಚಿಸಿದರೋ ಇಲ್ಲವೋ ಕಾಣೆ. ವಸ್ತುಸ್ಥಿತಿಗಂತೂ ಚೆನ್ನಾಗಿ ಹೊಂದುತ್ತದೆ.

ಈಚಿನ ಕೆಲವು ತಂತ್ರಾಂಶಗಳಿಗೆ ಸಮಾನಾರ್ಥಕ ಪದಗಳ ಪರಿಚಯವೂ ಉಂಟಂತೆ. ಇದ್ದರೂ ಇರಲಿ. ನೀವು ಅರ್ಜಿ ಹಾಕುವ ಕಚೇರಿಯಲ್ಲಿ ಯಾವುದಿದೆಯೆಂದು ನಿಮಗೆ ತಿಳಿಯುವುದಿಲ್ಲವಷ್ಟೆ. ಆದುದರಿಂದ ಜಾಹೀರಾತಿನಲ್ಲಿ ಯಾವ ಪದವಿದೆಯೋ ಅದೇ ಪದವನ್ನು, ಅದು ನಿಮ್ಮ ವಿಷಯದಲ್ಲಿ ನಿಜವಾಗಿರುವ ಪಕ್ಷದಲ್ಲಿ, ಹಾಗೆಯೇ ಬರೆಯಿರಿ. ಮೊದಲ ಸಲ ಬರುವಾಗ ಪೂರ್ಣರೂಪವನ್ನೂ ಸಂಕ್ಷಿಪ್ತ ರೂಪವನ್ನೂ ಒಟ್ಟಿಗೆ ಕೊಡಿ. ಸರಕು ಮತ್ತು ಸೇವಾ ತೆರಿಗೆ ಎಂದು ಹುಡುಕುವವನಿಗೂ ಸಿಗಬೇಕು, ಜಿಎಸ್‌ಟಿ ಎಂದು ಹುಡುಕುವವನಿಗೂ ಸಿಗಬೇಕು. ಇಲ್ಲಿ ಪುನರುಕ್ತಿ ದೋಷವಲ್ಲ. ಇದನ್ನು ಬರೆಯುವಾಗ ನನ್ನ ಗುರುಗಳ ಮುಖ ಕಣ್ಣೆದುರಿಗೆ ಬರುತ್ತದೆ, ಆದರೂ ಬರೆಯುತ್ತಿದ್ದೇನೆ.

ಅಂದಚಂದವನ್ನು ಕಳಚುತ್ತದೆ ಎಂದೆನಲ್ಲ, ಅದರ ಬಗ್ಗೆ ಒಂದು ಮಾತು. ಎರಡು ಕಂಬಸಾಲುಗಳಾಗಿ, ಚೌಕಗಳೊಳಗೆ, ಬಣ್ಣದ ಪಟ್ಟಿಗಳ ಮೇಲೆ ಅಚ್ಚು ಹಾಕಿದ ವಿವರಪತ್ರಗಳು ಕಣ್ಣಿಗೆ ಸೊಗಸು. ಯಂತ್ರ ಓದುವಾಗ ಒಂದು ಸಾಲಿನ ಅರ್ಧ ಇನ್ನೊಂದು ಸಾಲಿನ ಅರ್ಧಕ್ಕೆ ಅಂಟಿಕೊಂಡು ಅನರ್ಥವಾಗುವುದುಂಟು. ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದ ಹಾಳೆಯಲ್ಲಂತೂ ಹಲವು ಯಂತ್ರಗಳಿಗೆ ಒಂದಕ್ಷರವೂ ಕಾಣದೆ ಹೋಗಬಹುದು. ಕನ್ನಡದಲ್ಲಿ ಅರ್ಜಿ ಬರೆಯುವವರಿಗೆ ಇನ್ನೂ ಒಂದು ಅಪಾಯ ಕಾದಿದೆ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದರೆ ಪರದೆಯ ಮೇಲೆ ಕಾಣುವುದೇನೋ ಕನ್ನಡವೇ. ಆದರೆ ಒಳಗಿನ ಸಂಕೇತಗಳು ರೋಮನ್ ಲಿಪಿಯವು. ಆ ಅಕ್ಷರವಿನ್ಯಾಸವಿಲ್ಲದ ಗಣಕಕ್ಕೆ ಅದು ತಲೆಬುಡವಿಲ್ಲದ ಚಿಹ್ನೆಗಳ ರಾಶಿ. ಪತ್ರಿಕಾಲಯಕ್ಕೋ ಶಾಲೆಗೋ ಕನ್ನಡದಲ್ಲೇ ಅರ್ಜಿ ಹಾಕುವವರು ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಬೆರಳಚ್ಚಿನ ಅಂಗಡಿಯವನಿಗೆ ಇದನ್ನು ಸ್ಪಷ್ಟವಾಗಿ ಹೇಳಿ ಮಾಡಿಸಿಕೊಳ್ಳಿ. ಮಾಡಿಸಿದ ಮೇಲೆ ಅದರ ಒಂದು ಸಾಲನ್ನು ನಕಲು ಮಾಡಿ ನಿಮ್ಮ ಮೊಬೈಲಿನ ಸಂದೇಶದೊಳಗೆ ಹಾಕಿ ನೋಡಿ. ಅಲ್ಲಿ ಕನ್ನಡ ಕನ್ನಡವಾಗಿಯೇ ಉಳಿದರೆ ಸರಿಯಾಗಿದೆಯೆಂದು ತಿಳಿಯಬಹುದು.

ಇರಲಿ, ನಮ್ಮ ಹುಡುಗನ ಕಡೆಗೆ ಬರೋಣ. ನನ್ನ ತಿದ್ದುಪಡಿ ಫಲ ಕೊಡದಿದ್ದಾಗ ಅವನು ಬೇರೆ ಗುರುವನ್ನು ಹುಡುಕಿಕೊಂಡ. ಕೊಠಡಿಯ ಸಂಗಾತಿಯೊಬ್ಬನ ರೆಸ್ಯೂಮೆಯನ್ನು ತೆಗೆದುಕೊಂಡು ಹೆಸರು ಮಾತ್ರ ಬದಲಾಯಿಸಿ ಕಳಿಸಿದ. ಅದರಲ್ಲಿ ಎಸ್ಎಪಿ ಎಂಬ ತಂತ್ರಾಂಶದ ಹೆಸರಿತ್ತು. ಅದು ದೊಡ್ಡ ಕಂಪೆನಿಗಳು ತಮ್ಮ ಲೆಕ್ಕ, ದಾಸ್ತಾನು, ಸಂಬಳಗಳನ್ನೆಲ್ಲ ಒಂದೇ ಕಡೆ ನಡೆಸಲು ಬಳಸುವ ತಂತ್ರಾಂಶ. ನಮ್ಮ ಹುಡುಗ ಅದನ್ನು ಕಣ್ಣಿನಿಂದಲೂ ಕಂಡವನಲ್ಲ. ಎರಡು ವಾರದಲ್ಲಿ ಬೆಂಗಳೂರಿನಿಂದ ಕರೆ ಬಂತು! ರಾತ್ರಿ ಬಸ್ಸಿನಲ್ಲಿ ಹೋಗಿ, ನಿಲ್ದಾಣದಲ್ಲೇ ಮುಖ ತೊಳೆದು, ಇಸ್ತ್ರಿಯ ಅಂಗಿ ಹಾಕಿಕೊಂಡು ಸಂದರ್ಶನಕ್ಕೆ ಕುಳಿತ. ಎದುರಿಗಿದ್ದವರು ಒಂದೇ ಪ್ರಶ್ನೆ ಕೇಳಿದರಂತೆ: "ಸರಕು ಮಾರಿದವರಿಂದ ಬಂದ ಬಿಲ್ಲನ್ನು ಎಸ್ಎಪಿಯಲ್ಲಿ ಯಾವ ಕೋಡ್ ಒತ್ತಿ ನಮೂದಿಸುತ್ತೀರಿ?" ಎಫ್‌ಬಿ 60 ಎಂದರೆ ಆಗುತ್ತಿತ್ತು. ಆ ಕೆಲಸ ಮಾಡುವವನಿಗೆ ಅದು ಮನೆಯ ಬಾಗಿಲಿನ ಸಂಖ್ಯೆಯಿದ್ದಂತೆ. ಹುಡುಗ ಸುಮ್ಮನೆ ಕುಳಿತ. ಅವರು ಬಯ್ಯಲಿಲ್ಲ. ಹಾಳೆಯನ್ನು ಮಡಿಸಿ, "ಊರು ಯಾವುದು? ಊಟ ಆಯಿತೆ?" ಎಂದು ಕೇಳಿ ಕಳಿಸಿಕೊಟ್ಟರಂತೆ. "ಬೈದಿದ್ದರೆ ಚೆನ್ನಾಗಿತ್ತು ಸಾರ್" ಎಂದ ಅವನು, ಮರಳಿ ನನ್ನಲ್ಲಿಗೆ ಬಂದಾಗ. ತಲೆ ತಗ್ಗಿಸಿಕೊಂಡಿದ್ದ. "ಇನ್ನು ಮಂಡಿಯಲ್ಲೇ ಇದ್ದುಬಿಡುತ್ತೇನೆ. ನಮ್ಮಂಥವರಿಗೆ ಅದೆಲ್ಲ ಅಲ್ಲ" ಎಂದ.

ಆ ಮಾತು ನನಗೆ ಬಹಳ ನೋವು ಮಾಡಿತು. ಅವನು ನಿಜವನ್ನು ಬರೆದಾಗ ನಾನು ಅದನ್ನು ಅಳಿಸಿದೆ. ಸುಳ್ಳು ಬರೆದಾಗ ಅವನಿಗೆ ಕರೆ ಬಂತು. ಇದರಿಂದ ಇಪ್ಪತ್ತಾರು ವರ್ಷದ ಹುಡುಗ ಲೋಕದ ಬಗ್ಗೆ ಏನನ್ನು ಕಲಿಯಬೇಕು, ಹೇಳಿ?

ನಮ್ಮ ನಾಡಿಗೆ ಈ ವಿದ್ಯೆ ಹೊಸದೇನಲ್ಲ. ಶಾಸನಗಳ ಬಿರುದಾವಳಿಗಳನ್ನು ಓದಿದವರಿಗೆ ಇದು ಗೊತ್ತು. ಬಿರುದೆಂಬುದು ಆ ಕಾಲದ ಕೀಲಿಪದವೇ ಸರಿ. ಹೊಯ್ಸಳ ವಿಷ್ಣುವರ್ಧನನು 12ನೆಯ ಶತಮಾನದ ಆದಿಯಲ್ಲಿ ಚೋಳರಿಂದ ತಲಕಾಡನ್ನು ಗೆದ್ದುಕೊಂಡ. ತಲಕಾಡುಗೊಂಡ ಎಂಬ ಬಿರುದನ್ನು ಧರಿಸಿದ. ಆ ಪದದ ಹಿಂದೆ ಒಂದು ಯುದ್ಧವಿದೆ, ತಲಕಾಡಿನಲ್ಲಿ ಅವನು ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯಿದೆ. ಆದರೆ ಅವನ ಮಗ ನರಸಿಂಹ, ಮೊಮ್ಮಗ ಬಲ್ಲಾಳರ ಶಾಸನಗಳಲ್ಲಿಯೂ ಅದೇ ಬಿರುದು ಬರುತ್ತದೆ. ಅವರೇನೂ ತಲಕಾಡನ್ನು ಮತ್ತೆ ಗೆಲ್ಲಲಿಲ್ಲ. ಅರಸು ಮನೆತನಕ್ಕೆ ಪಿತ್ರಾರ್ಜಿತ ಬಿರುದು ಸಲ್ಲುತ್ತದೆ, ಯಾರೂ ಕೇಳುವಂತಿಲ್ಲ. ಉದ್ಯೋಗದ ಅರ್ಜಿಯಲ್ಲಿ ಅದು ಸಲ್ಲುವುದಿಲ್ಲ. ಹತ್ತು ಜನರ ತಂಡ ಮಾಡಿದ ಕೆಲಸವನ್ನು ನಾನು ಮಾಡಿದೆ ಎಂದು ಬರೆಯುವವನು ಅಪ್ಪನ ತಲಕಾಡನ್ನು ತನ್ನ ಹೆಸರಿಗೆ ಬರೆದುಕೊಳ್ಳುತ್ತಿದ್ದಾನೆ.

ಇನ್ನೊಂದು ಬಗೆಯೂ ಉಂಟು. ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ, ಕ್ರಿ.ಶ. 634ರಲ್ಲಿ, ರವಿಕೀರ್ತಿಯು ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದನೆಂದು ಹೇಳಿದ್ದಾನೆ. ಆಸ್ಥಾನದವನ ಹೊಗಳಿಕೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್, ಪುಲಕೇಶಿಯ ಉಪ್ಪನ್ನು ಉಂಡವನಲ್ಲ, ಹರ್ಷನಿಂದಲೇ ಸತ್ಕಾರ ಪಡೆದವನು, ಹರ್ಷನಿಗೆ ಈ ದೊರೆಯನ್ನು ಅಧೀನಪಡಿಸಿಕೊಳ್ಳಲಾಗಲಿಲ್ಲವೆಂದು ಬರೆದಿಟ್ಟಿದ್ದಾನೆ. ಆಗ ಶಾಸನದ ಮಾತಿಗೆ ಬೆಲೆ ಬಂತು. ಇಂದು ಕಂಪೆನಿಗಳು ಮಾಡುವ ಪೂರ್ವಾಪರ ತಪಾಸಣೆ ಇದೇ ಜಾತಿಯದು. ಹಿಂದಿನ ಯಜಮಾನನನ್ನು ಕೇಳುತ್ತಾರೆ. ಭವಿಷ್ಯನಿಧಿಯ ಖಾತೆಯಿದ್ದರೆ ನೀವು ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಲ್ಲಿದ್ದಿರೆಂಬುದು ಅದರಲ್ಲೇ ಬರೆದಿರುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಸುಳ್ಳು ಹೊರಬಿದ್ದರೆ ಸಿಕ್ಕಿದ ಕೆಲಸವೂ ಹೋಗುತ್ತದೆ.

ಚತುರರು ಒಂದು ಉಪಾಯ ಮಾಡುತ್ತಾರೆ, ಅದನ್ನೂ ಹೇಳಿಬಿಡಬೇಕು. ಜಾಹೀರಾತಿನ ಪದಗಳನ್ನೆಲ್ಲ ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಸಣ್ಣದಾಗಿ ಬರೆದು ಅಡಿಯಲ್ಲಿ ಅಡಗಿಸುವುದು. ಮನುಷ್ಯನಿಗೆ ಕಾಣಿಸದು, ಯಂತ್ರಕ್ಕೆ ಕಾಣಿಸುತ್ತದೆ ಎಂಬ ಎಣಿಕೆ. ಆದರೆ ಯಂತ್ರ ಬಣ್ಣವನ್ನು ಕಳಚಿ ಬರಿಯ ಅಕ್ಷರವನ್ನು ಮನುಷ್ಯನ ಮುಂದಿಟ್ಟಾಗ ಅಡಗಿಸಿದ್ದೆಲ್ಲವೂ ಕಪ್ಪಗೆ ಸಾಲುಗಟ್ಟಿ ನಿಲ್ಲುತ್ತದೆ. ನನ್ನ ಆ ಶಿಷ್ಯೆ ಇಂಥದನ್ನು ಕಂಡರೆ ಮುಂದೆ ಓದುವುದೇ ಇಲ್ಲವಂತೆ.

ಹಾಗಾದರೆ ಮಾಡಬೇಕಾದ್ದೇನು? ಆ ಸಂಜೆ ನಾವಿಬ್ಬರೂ ಕುಳಿತು ಮಾಡಿದ್ದನ್ನು ಹೇಳುತ್ತೇನೆ. ಒಂದೇ ಬಗೆಯ ಕೆಲಸದ ಐದು ಜಾಹೀರಾತುಗಳನ್ನು ಆರಿಸಿಕೊಂಡೆವು. ಎಲ್ಲದರಲ್ಲಿಯೂ ಮತ್ತೆಮತ್ತೆ ಬಂದ ಪದಗಳಿಗೆ ಅಡಿಗೆರೆ ಎಳೆದೆವು. ಪ್ರತಿಯೊಂದು ಪದವನ್ನೂ ಓದಿ, "ಇದನ್ನು ನೀನು ಕೈಯಾರೆ ಮಾಡಿದ್ದೀಯೇನಪ್ಪ?" ಎಂದು ಕೇಳಿದೆ. ಮಾಡಿದ್ದೇನೆ ಎಂದದ್ದಕ್ಕೆ ಒಂದು ಗುರುತು. ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ, ಈಗ ಕಲಿಯುತ್ತಿದ್ದೇನೆ ಎಂದದ್ದಕ್ಕೆ ಇನ್ನೊಂದು ಗುರುತು. ಗೊತ್ತಿಲ್ಲ ಎಂದದ್ದನ್ನು ಹೊಡೆದು ಹಾಕಿದೆವು. ಎಸ್ಎಪಿಗೆ ಎರಡನೆಯ ಗುರುತೂ ಸಿಗಲಿಲ್ಲ. "ಇದೊಂದು ಇರಲಿ ಸಾರ್, ಇದಕ್ಕೇ ಕರೆ ಬಂದದ್ದು" ಎಂದು ಅವನು ಸ್ವಲ್ಪ ಹೊತ್ತು ಹಟ ಹಿಡಿದ. "ಇದಕ್ಕೇ ವಾಪಸ್ಸೂ ಬಂದೆಯಲ್ಲ" ಎಂದೆ. ಹೊಡೆದು ಹಾಕಿದ.

ಮೊದಲ ಗುರುತಿನ ಪದಗಳು ನನ್ನ ಎಣಿಕೆಗಿಂತ ಹೆಚ್ಚಾಗಿದ್ದವು. ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ ಎಂದು ಅವನು ಒಂದೇ ಸಾಲಿನಲ್ಲಿ ಮುಗಿಸಿದ್ದ ಕೆಲಸವನ್ನು ಬಿಡಿಸುತ್ತ ಹೋದರೆ, ತಿಂಗಳು ತಿಂಗಳೂ ಮಾರಾಟದ ವಿವರವನ್ನು ಜಿಎಸ್‌ಟಿಆರ್ 1ರಲ್ಲಿ ಏರಿಸಿದ್ದ. ತೆರಿಗೆ ಕಟ್ಟುವ 3ಬಿಯನ್ನು ಸಲ್ಲಿಸಿದ್ದ. ಎರಡರ ಅಂಕಿಗಳು ತಾಳೆಯಾಗದಾಗ ಬಿಲ್ಲು ಬಿಲ್ಲಾಗಿ ಕೂತು ಹುಡುಕಿದ್ದ. ಲಾರಿ ಹೊರಡುವ ಮುನ್ನ ಇ-ವೇ ಬಿಲ್ ತೆಗೆದಿದ್ದ. ಬ್ಯಾಂಕಿನ ಪಟ್ಟಿಯನ್ನೂ ಮಂಡಿಯ ಪುಸ್ತಕವನ್ನೂ ತಿಂಗಳ ಕೊನೆಗೆ ಸರಿಹೊಂದಿಸಿದ್ದ. ಇವೆಲ್ಲಕ್ಕೂ ಜಾಹೀರಾತುಗಳಲ್ಲಿ ಒಂದೊಂದು ಹೆಸರಿದೆ. ಹುಡುಗನಿಗೆ ಕೆಲಸ ಗೊತ್ತಿತ್ತು, ಆ ಕೆಲಸಕ್ಕೆ ಪೇಟೆಯಲ್ಲಿ ನಡೆಯುವ ಹೆಸರು ಗೊತ್ತಿರಲಿಲ್ಲ. ಬ್ಯಾಂಕ್ ರಿಕನ್ಸಿಲಿಯೇಷನ್ ಎಂಬುದನ್ನು ಓದಿ, "ಇದು ನನಗೆ ಬರುವುದಿಲ್ಲ" ಎಂದು ಬಿಟ್ಟುಬಿಟ್ಟಿದ್ದನಂತೆ. ನಾಲ್ಕು ವರ್ಷವೂ ಅವನು ಮಾಡುತ್ತಿದ್ದುದು ಅದೇ!

ಬರೆಯುವಾಗ ನನ್ನ ವ್ಯಾಕರಣಕ್ಕೂ ಸ್ವಲ್ಪ ಬೆಲೆ ಸಿಕ್ಕಿತು. ಅವನ ಹಾಳೆಯಲ್ಲಿ ಕರ್ಮಣಿ ಪ್ರಯೋಗ ತುಂಬಿಕೊಂಡಿತ್ತು. ಲೆಕ್ಕಗಳು ಬರೆಯಲ್ಪಟ್ಟವು, ತೆರಿಗೆ ಸಲ್ಲಿಸಲ್ಪಟ್ಟಿತು. ಬರೆದವರು ಯಾರು? ಕರ್ಮಣಿಯಲ್ಲಿ ಕರ್ತೃವಿಗೆ ಅಡಗಿಕೊಳ್ಳಲು ಜಾಗವಿದೆ. ಸುಳ್ಳು ಹೇಳುವವನಿಗೆ ಅದು ಅನುಕೂಲ, ಸಂಕೋಚದವನಿಗೂ ಅನುಕೂಲ. ಪ್ರತಿ ವಾಕ್ಯವನ್ನೂ ಕರ್ತರಿಗೆ ತಿರುಗಿಸಿ, ನಾನು ಎಂಬುದನ್ನು ಮುಂದಿಟ್ಟು ಗಟ್ಟಿಯಾಗಿ ಓದು ಎಂದೆ. ನಾಲಗೆ ತಡವರಿಸಿದ ವಾಕ್ಯ ಹೋಯಿತು. ತಡವರಿಸದ್ದು ಉಳಿಯಿತು. ಪರಿಶ್ರಮಿ, ಉತ್ಸಾಹಿ, ತಂಡದಲ್ಲಿ ಬೆರೆಯುವವನು ಮುಂತಾದ ಗುಣವಾಚಕಗಳನ್ನೂ ತೆಗೆದೆವು. ಸೋಮಾರಿ ಬೇಕು ಎಂದು ಯಾರೂ ಜಾಹೀರಾತು ಕೊಡುವುದಿಲ್ಲವಾದ್ದರಿಂದ, ಪರಿಶ್ರಮಿ ಎಂದು ಹುಡುಕುವವರೂ ಕಡಮೆ. ಪ್ರತಿ ಕೀಲಿಪದದ ಪಕ್ಕದಲ್ಲಿ ಎಷ್ಟು, ಎಷ್ಟು ಕಾಲ ಎಂಬುದನ್ನು ಸೇರಿಸಿದೆವು. ಟ್ಯಾಲಿ ಎಂದಷ್ಟೇ ಬರೆದರೆ ಅದು ಬಿರುದು. ಟ್ಯಾಲಿಯಲ್ಲಿ ನಾಲ್ಕು ವರ್ಷ, ದಿನಕ್ಕೆ ಇಷ್ಟು ಬಿಲ್ಲು ಎಂದು ಬರೆದರೆ ಅದಕ್ಕೆ ಸಾಕ್ಷಿ ದೊರೆಯಿತು. ಎರಡು ಹಾಳೆ ಒಂದು ಹಾಳೆಯಾಯಿತು.

ಈ ಒಂದು ಹಾಳೆ ಹೊತ್ತು ಹೋದವನಿಗೆ ಮರುದಿನವೇ ಕೆಲಸ ಸಿಕ್ಕಿತೆಂದು ನಾನು ಹೇಳಲಾರೆ. ಕರೆಗಳು ಬಂದವು, ಮೂರು ಕಡೆ ಆಗಲಿಲ್ಲ. ನಾಲ್ಕನೆಯದರಲ್ಲಿ, ಎಸ್ಎಪಿ ಬರುತ್ತದೆಯೇ ಎಂದು ಮತ್ತೆ ಕೇಳಿದರಂತೆ. "ಬರುವುದಿಲ್ಲ. ಆದರೆ 1 ಮತ್ತು 3ಬಿ ತಾಳೆಯಾಗದಿದ್ದರೆ ಎಲ್ಲಿ ಹುಡುಕಬೇಕೆಂದು ಗೊತ್ತು" ಎಂದನಂತೆ. ಮುಂದಿನ ಅರ್ಧಗಂಟೆ ಆ ತಾಳೆಯ ಮೇಲೆಯೇ ಮಾತು ನಡೆಯಿತಂತೆ. ಈಗ ದಾವಣಗೆರೆಯಲ್ಲಿದ್ದಾನೆ. ಸಂಬಳ ಅವನು ಬಯಸಿದಷ್ಟಿಲ್ಲ, ಮಂಡಿಗಿಂತ ಹೆಚ್ಚು.

ಹೋದ ವಾರ ಅವನ ಅಕ್ಕ ತನ್ನ ವಿವರಪತ್ರವನ್ನು ತಂದುಕೊಟ್ಟು ಹೋಗಿದ್ದಾಳೆ. ಪಿ.ಯು.ಸಿ. ಆಗಿದೆ, ಆಮೇಲೆ ಮದುವೆ, ಮಕ್ಕಳು, ಹತ್ತು ವರ್ಷದ ಜಾಗದಲ್ಲಿ ಗೃಹಿಣಿ ಎಂಬ ಒಂದೇ ಪದ. ಅವಳು ತನ್ನ ಊರಿನ ಸ್ತ್ರೀಶಕ್ತಿ ಸಂಘದಲ್ಲಿ ಆರು ವರ್ಷದಿಂದ ಪುಸ್ತಕ ಬರೆಯುತ್ತಿರುವುದು ನನಗೆ ಗೊತ್ತು. ವಾರದ ಉಳಿತಾಯ, ಒಳಸಾಲದ ಖಾತೆ, ಬಡ್ಡಿಯ ಲೆಕ್ಕ, ಬ್ಯಾಂಕಿನ ಸಾಲದ ಕಂತು, ಸಭೆಯ ನಡಾವಳಿ, ಎಲ್ಲವೂ ಅವಳದೇ ಕೈಬರಹ. ಅದರ ಒಂದು ಮಾತೂ ಹಾಳೆಯಲ್ಲಿ ಇಲ್ಲ. ಕೇಳಿದ್ದಕ್ಕೆ, "ಅದು ಕೆಲಸವೇ ಸಾರ್?" ಎಂದಳು. ಬರುವ ಭಾನುವಾರ ಬರಹೇಳಿದ್ದೇನೆ. ಸಂಘದ ಪುಸ್ತಕಗಳನ್ನೂ ತರಲು ಹೇಳಿದ್ದೇನೆ.